ಎಂಟನೇ ಮಗ್ಗದ ರಾತ್ರಿ ಪಾಳಿ

ಕರೆಂಟ್ ಬರೋ ಹೊತ್ತಿಗೆ ಹೇಳಿ ಮುಗಿಸ್ತೀನಿ, ಸುಮ್ಮನೆ ಕೂತ್ಕೊಂಡು ಕೇಳು ಸಿಂಧು. ಮಧ್ಯೆ ಮಧ್ಯೆ ಫೋನ್ ಲೈಟ್ ಹಾಕಬೇಡ. ಇದು ಯಾರೋ ಯಾರಿಗೋ ಹೇಳಿದ್ದಲ್ಲ... ನಮ್ಮ ಅನಿಲ್‌ಕುಮಾರನಿಗೆ ಆಗಿದ್ದು. ನನ್ನ ಚಿಕ್ಕಪ್ಪ ಅಪ್ಪಯ್ಯಣ್ಣನ ಮಗ. ಅದೇ, ಮದುವೆ ಮನೇಲಿ ಕಪ್ಪು ಕನ್ನಡಕ ತೆಗೀದೇನೇ ಊಟಕ್ಕೆ ಕೂರ್ತಾನಲ್ಲ, ಅವನು. ಅರ್ಧ ಅವನ ಬಾಯಿಂದ ಕೇಳಿದ್ದು, ಇನ್ನರ್ಧ ನಾನೇ ಕಣ್ಣಾರೆ ಕಂಡಿದ್ದು. ಅವನ ಪಾಲಿನಲ್ಲಿ ಜಂಬ ಕಳೆದು ಹೇಳ್ತೀನಿ, ಅದಕ್ಕೇ ಅದು ಸ್ವಲ್ಪ ಚಿಕ್ಕದಾಗುತ್ತೆ.

ಹೋದ ಕಾರ್ತಿಕದಲ್ಲಿ ನಡೆದಿದ್ದು. ಕುಂದಾಣದಲ್ಲಿ ಯಾರದೋ ಬೀಗರ ಊಟ. ಮಧ್ಯಾಹ್ನದ ಊಟಕ್ಕೆ ಹೋದೋನು ರಾತ್ರಿವರೆಗೂ ಇಸ್ಪೀಟ್ ಆಡ್ಕೊಂಡು ಕೂತಿದ್ದ. ಬರೋವಾಗ ಗಾಡಿ ಕೈ ಕೊಡ್ತು. ಯಾರೋ ಪರಿಚಯದೋರು ದೊಡ್ಡಬಳ್ಳಾಪುರದ ಸ್ಟೇಷನ್ ರೋಡಿಗೆ ತಂದು ಇಳಿಸಿ ಹೋದ್ರು. ಆಗ ರಾತ್ರಿ ಒಂದು ಗಂಟೆ. ಅಲ್ಲಿಂದ ಅವನ ಮನೆಗೆ ಹತ್ತು ನಿಮಿಷದ ನಡಿಗೆ, ನಮ್ಮ ಮಗ್ಗದ ಶೆಡ್ಡಿನ ಹಿಂದುಗಡೆಯಿಂದ ದಾರಿ. ಅಲ್ಲೊಂದು ಆಲದ ಮರ, ಅದರ ಪಕ್ಕ ಹಳೇ ಬಾವಿ. ಬಾವಿಗೆ ಈಗ ಕಬ್ಬಿಣದ ಜಾಲರಿ ಹಾಕಿದ್ದಾರೆ, ನೀನು ನೋಡಿದ್ದೀಯ.

ನಮ್ಮ ಬೀದಿಯಲ್ಲಿ ಹಗಲೆಲ್ಲಾ ಖಟಕ್ ಪಟಕ್, ಖಟಕ್ ಪಟಕ್ ಅಂತ ಮಗ್ಗದ ಸದ್ದು. ಹತ್ತು ಗಂಟೆಗೆ ಮಗ್ಗ ನಿಲ್ಲಿಸಿದ ಮೇಲೆ ಕಿವಿಯೊಳಗೆ ಕುಂಯ್ ಅನ್ನುತ್ತೆ ನೋಡು, ಹಾಗಿತ್ತಂತೆ. ಬಾವಿ ದಾಟಿದ. ಮರ ದಾಟಿದ. ಆಗ ಕೇಳಿಸ್ತು...

ಟಿಕ್.

ನಿಂತ. ಏನೂ ಇಲ್ಲ. ಎರಡು ಹೆಜ್ಜೆ ಇಟ್ಟ.

ಟಿಕ್... ಟಿಕ್ ಟಿಕ್.

ಹಲ್ಲಿ ಅಂದ್ಕೊಂಡನಂತೆ. ಹಲ್ಲಿ ಅಲ್ಲ. ಕಂಪ್ಯೂಟರಿನ ಮೌಸ್ ಒತ್ತೋ ಸದ್ದು ಅದು. ಶೆಡ್ಡಿನ ಮೂಲೆಯಲ್ಲಿ ಡಿಸೈನ್ ರೂಮಿದೆಯಲ್ಲ, ಅದರ ಕಿಟಕಿಯಿಂದ ಬರ್ತಿತ್ತು. ಒಳಗೆ ನೀಲಿ ಬೆಳಕು. ಆಮೇಲೆ ಠಣ್ ಅಂತ ಒಂದು ಸ್ಟೀಲ್ ಲೋಟ ಟೇಬಲ್ ಮೇಲೆ ಇಟ್ಟ ಸದ್ದು. ಮತ್ತೆ ಟಿಕ್. ಕಿಟಕಿ ಸಂದಿಯಲ್ಲಿ ಕಣ್ಣಿಟ್ಟು ನೋಡಿದ. ಕಂಪ್ಯೂಟರ್ ಓಡ್ತಿತ್ತು. ಕುರ್ಚಿ ಸ್ವಲ್ಪ ಪಕ್ಕಕ್ಕೆ ತಿರುಗಿತ್ತು, ಯಾರೋ ಕಾಲು ಚಾಚ್ಕೊಂಡು ಕೂತಾಗ ತಿರುಗಿರುತ್ತಲ್ಲ, ಹಾಗೆ. ಆದರೆ ಕುರ್ಚಿ ಮೇಲೆ ಯಾರೂ ಇರಲಿಲ್ಲ.

ನಮ್ಮ ಧೀರ ಏನು ಮಾಡಿದ ಅಂದ್ರೆ, ಚಪ್ಪಲಿ ಅಲ್ಲೇ ಬಿಟ್ಟು ಓಡಿದ. ಮನೆ ಬಾಗಿಲಿಗೆ ಬಂದು ನನಗೆ ಫೋನ್ ಮಾಡಿದ, ಪಿಸುಗುಟ್ಟಿಕೊಂಡು.

"ಅಕ್ಕ... ಡಿಸೈನ್ ರೂಮಲ್ಲಿ ಯಾರೋ ಇದ್ದಾರೆ."

"ಯಾರು?"

"ಯಾರೂ ಇಲ್ಲ."

"ಲೇ, ಇದ್ದಾರೋ ಇಲ್ವೋ?"

"ಇಲ್ಲ... ಆದ್ರೆ ಕೆಲಸ ಮಾಡ್ತಿದ್ದಾರೆ."

ಕುಡಿದಿದ್ದಾನೆ ಅಂತ ಫೋನ್ ಇಟ್ಟುಬಿಟ್ಟೆ. ಆದರೆ ನಿದ್ದೆ ಬರಲಿಲ್ಲ ಕಣೇ. ಯಾಕೆ ಅಂದ್ರೆ ಆ ಕುರ್ಚಿಯಲ್ಲಿ ಕೂರ್ತಿದ್ದ ಪಿಳ್ಳಪ್ಪಣ್ಣ ಸತ್ತು ಅವತ್ತಿಗೆ ನಾಲ್ಕು ದಿನ ಆಗಿತ್ತು.

ಪಿಳ್ಳಪ್ಪಣ್ಣ ಯಾರು ಅಂತ ಹೇಳಬೇಕು ನಿನಗೆ. ನಮ್ಮ ಶೆಡ್ಡಿನಲ್ಲಿ ಎಂಟು ಮಗ್ಗ. ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ಒಂದರಿಂದ ಎಂಟರವರೆಗೆ ನಂಬರ್ ಬರೆದಿದೆ, ಅಪ್ಪಯ್ಯಣ್ಣ ಚಿಕ್ಕಪ್ಪ ತಾವೇ ನಿಂತು ಬರೆಸಿದ್ದು. ನಂಬರ್ ಇಲ್ಲದ ಕೆಲಸ ನಮ್ಮಲ್ಲಿಲ್ಲ ಅನ್ನೋರು ಅವರು. ಯಾವ ಸೀರೆ, ಯಾವ ಮಗ್ಗ, ಯಾರ ಕೈ, ಎಲ್ಲಕ್ಕೂ ನಂಬರ್. ಪಿಳ್ಳಪ್ಪಣ್ಣ ಹದಿನಾಲ್ಕನೇ ವಯಸ್ಸಿಂದ ಅಲ್ಲೇ ನೇಯ್ದೋರು. ಆಮೇಲೆ ಗ್ರಾಫ್ ಶೀಟಿನ ಮೇಲೆ ಸೀರೆ ಡಿಸೈನ್ ಚುಕ್ಕಿ ಇಡೋ ಕೆಲಸಕ್ಕೆ ಬಂದ್ರು. ಅಂಚು, ಮೈಮೇಲಿನ ಬುಟ್ಟ, ಸೆರಗು, ಎಲ್ಲಾ ಚುಕ್ಕಿ ಚುಕ್ಕಿ ಎಣಿಸಿ ಇಡಬೇಕು. ಯಾವ ಚುಕ್ಕಿಗೆ ಯಾವ ದಾರ ಮೇಲೇಳಬೇಕು ಅಂತ ಅದನ್ನ ನೋಡಿ ಮಗ್ಗ ತಿಳ್ಕೊಳ್ಳುತ್ತೆ.

ಚಿಕ್ಕಪ್ಪ ಹೋದ ಮೇಲೆ ಅನಿಲ ಯಜಮಾನ ಆದ. ಬಂದವನೇ ಕಂಪ್ಯೂಟರ್ ತಂದ. ತಂದಿದ್ದು ತಪ್ಪಲ್ಲ ಬಿಡು. ಅದರೊಳಗೆ ಎಂಟು ಕೋರ್ ಇದೆ, ಅಂದ್ರೆ ಒಂದೇ ಡಬ್ಬದೊಳಗೆ ಎಂಟು ಜನ ಕೆಲಸಗಾರರು ಇದ್ದ ಹಾಗೆ, ಒಬ್ಬೊಬ್ಬರಿಗೆ ಒಂದೊಂದು ಕೆಲಸ ವಹಿಸಬಹುದು ಅಂತ ಬೀದಿಯೆಲ್ಲಾ ಡಂಗುರ ಹೊಡೆದ. ಸಾಯಂಕಾಲ ಎಂಟು ಸೀರೆಯ ಬಣ್ಣದ ಚಿತ್ರ ಕೊಟ್ರೆ, ಬೆಳಗ್ಗೆ ಎಂಟು ಮಗ್ಗಕ್ಕೂ ಚುಕ್ಕಿ ರೆಡಿ. ಕಂಪ್ಯೂಟರ್ ಮಾರಿದೋನು ಬೆಂಗಳೂರಿಂದ ಒಬ್ಬ ಹುಡುಗನ್ನ ಕಳಿಸಿದ್ದ. ಅವನು ಅರ್ಧ ಗಂಟೆ ಕೂತು ಒಂದು ಸ್ಕ್ರಿಪ್ಟ್ ತೋರಿಸಿದ. ಸ್ಕ್ರಿಪ್ಟ್ ಅಂದ್ರೆ ಒಂದು ಚೀಟಿ ಇದ್ದ ಹಾಗೆ ಅಷ್ಟೇ. ಈ ಪ್ರೋಗ್ರಾಂ ಎಬ್ಬಿಸು, ಈ ಸೀರೆ ಕೊಡು, ಇಂಥ ನಂಬರಿನ ಕೋರ್ ಮೇಲೆ ಕೂರಿಸು ಅಂತ ಒಂದು ಸಾಲು. ಇದನ್ನೇ ಎಂಟು ಸಲ ಬರೆದು ನಂಬರ್ ಮಾತ್ರ ಬದಲಾಯಿಸ್ಕೊಳ್ಳಿ ಅಂದು ಬಸ್ ಹತ್ತಿದ.

ಅನಿಲನಿಗೆ ಅದೂ ಬರೆಯೋಕೆ ಬೇಜಾರು. "ಪಿಳ್ಳಪ್ಪ, ನೀನೇ ಬರ್ಕೋ" ಅಂದ. ಅಪ್ಪನ ವಯಸ್ಸಿನೋರಿಗೆ ಏಕವಚನ. ಪಿಳ್ಳಪ್ಪಣ್ಣ ನೋಟ್‌ಬುಕ್ಕಲ್ಲಿ ಬರ್ಕೊಂಡು, ಕೀಲಿಮಣೆ ಮೇಲೆ ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಎಂಟು ಸಾಲು ಕುಟ್ಟಿದ್ರು. ಒಂದನೇ ಮಗ್ಗದ ಸೀರೆ ಒಂದನೇ ಕೋರ್‌ಗೆ, ಎರಡನೇದು ಎರಡಕ್ಕೆ... ಎಂಟನೇದು ಎಂಟಕ್ಕೆ. ನಮ್ಮ ಶೆಡ್ಡಿನಲ್ಲಿ ಬೆಳೆದ ಯಾರೇ ಆಗಿದ್ರೂ ಹಾಗೇ ಬರೀತಿದ್ರು. ನಾನಾಗಿದ್ರೂ ಅಷ್ಟೇ.

ಅಲ್ಲಿಂದ ಆರು ವರ್ಷ. ರಾತ್ರಿ ಒಂಬತ್ತಕ್ಕೆ ಪಿಳ್ಳಪ್ಪಣ್ಣ ಬಂದು ಸ್ಕ್ರಿಪ್ಟ್ ಓಡಿಸೋರು, ಬೆಳಗಿನ ಜಾವ ಮನೆಗೆ ಹೋಗೋರು. ಆರು ಗಂಟೆಗೆ ನಾನು ಬಂದು ಬೀಗ ತೆಗೆದು, ಎಂಟು ಫೈಲೂ ಪೆನ್‌ಡ್ರೈವಿಗೆ ಹಾಕಿ ಮಗ್ಗಗಳಿಗೆ ಕೊಡ್ತಿದ್ದೆ. ಒಳಗೆ ಬಂದ ತಕ್ಷಣ ನಾನು ಮೊದಲು ನೋಡ್ತಿದ್ದಿದ್ದು ಅವರ ಲೋಟ. ಹೆಸರು ಕೊರೆಸಿದ್ದ ಸ್ಟೀಲ್ ಲೋಟ. ಕೆಲಸ ಮುಗಿದ್ರೆ ತೊಳೆದು ಟೇಬಲ್ ಮೇಲೆ ಬೋರಲು ಹಾಕಿ ಹೋಗೋರು. ಲೋಟ ಬೋರಲಾಗಿದೆ ಅಂದ್ರೆ ಎಂಟೂ ಆಗಿದೆ ಅಂತ ಅರ್ಥ. ಒಂದು ದಿನಾನೂ ತಪ್ಪಿದ್ದಿಲ್ಲ.

ಅದರಲ್ಲೂ ಎಂಟನೇ ಮಗ್ಗದ ಸೀರೆ ಅಂದ್ರೆ ಅದರ ಬಗೆಯೇ ಬೇರೆ. ಮಾವಿನಕಾಯಿ ಬುಟ್ಟದ ಬಾಗು ನೋಡಬೇಕಿತ್ತು ನೀನು. ಮಿಕ್ಕ ಏಳರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬರ್ತಿತ್ತು, ಎಂಟನೇದರಲ್ಲಿ ಮಾತ್ರ ಕೈಯಲ್ಲಿ ಬರೆದಂಗೆ. ಅಂಗಡಿಯೋರು ಎಂಟನೇ ಮಗ್ಗದ್ದೇ ಕೊಡಿ ಅಂತ ಕೇಳೋರು. ಅನಿಲ ಏನು ಹೇಳ್ತಿದ್ದ ಗೊತ್ತಾ? "ನಮ್ಮ ಎಂಟನೇ ಕೋರ್ ಸ್ಪೆಷಲ್ ಸಾರ್." ಕಾಲರ್ ಸರಿ ಮಾಡ್ಕೊಂಡು ಹೇಳ್ತಿದ್ದ. ಆರು ವರ್ಷದಲ್ಲಿ ಒಂದು ರಾತ್ರಿ ಬಂದು ನೋಡ್ಲಿಲ್ಲ ಆ ಮನುಷ್ಯ.

ಬಂದ. ಒಂದೇ ಒಂದು ಸಲ ಬಂದ. ಯಾವುದೋ ಸಿನಿಮಾ ನೋಡ್ಕೊಂಡು ಬರ್ತಾ, ಬೆಳಗಿನ ಜಾವ ಮೂರು ಗಂಟೆಗೆ, ಕಿಟಕಿಯಲ್ಲಿ ಇಣುಕಿದ. ಪಿಳ್ಳಪ್ಪಣ್ಣ ಟೇಬಲ್ ಮೇಲೆ ತಲೆ ಇಟ್ಟಿದ್ರಂತೆ. ಫೋಟೋ ತೆಗೆದ. ಎಬ್ಬಿಸಿ ಮಾತಾಡಿಸ್ಲಿಲ್ಲ, ಫೋಟೋ ತೆಗೆದು ಮನೆಗೆ ಹೋಗಿ ಮಲಗಿದ. ಮಾರನೇ ರಾತ್ರಿ ಒಂಬತ್ತಕ್ಕೆ, ಪಾಳಿಯ ಎಂಟೂ ಜನ ನೇಯೋರು ಇರೋವಾಗ, ಮಗ್ಗ ನಿಲ್ಲಿಸಿ ಎಲ್ಲರನ್ನೂ ಕರೆದ. ಪಿಳ್ಳಪ್ಪಣ್ಣ ಆಗತಾನೇ ಬಂದು ಲೋಟಕ್ಕೆ ಟೀ ಬಗ್ಗಿಸ್ಕೊಂಡಿದ್ರು. ಅವರ ಮುಂದೆ ಫೋನ್ ಹಿಡಿದು ಅಂದ:

"ಎಂಟು ಸೀರೇನೂ ಮಿಷನ್ ಮಾಡುತ್ತೆ. ನೀನು ಆರು ವರ್ಷದಿಂದ ನಿದ್ದೆಗೆ ಸಂಬಳ ತಗೊಂಡಿದ್ದೀಯ. ನಾಳೆಯಿಂದ ಬರಬೇಡ."

ಪಿಳ್ಳಪ್ಪಣ್ಣ ಏನೋ ಹೇಳೋಕೆ ಬಾಯಿ ತೆಗೆದ್ರು. ಕಂಪ್ಯೂಟರ್ ಕಡೆ ಒಂದು ಸಲ ನೋಡಿದ್ರು. ಹೆಗಲ ಮೇಲಿನ ಟವೆಲ್ ಸರಿ ಮಾಡ್ಕೊಂಡು ಹೊರಟ್ರು. ಟೀ ಅರ್ಧ ಲೋಟ ಹಾಗೇ ಇತ್ತು. ಎಂಟನೇ ಮಗ್ಗ ನೇಯೋ ಬೀರೇಶ್ ತಲೆ ತಗ್ಗಿಸಿ ನಿಂತಿದ್ದ. ನಾನೂ ಅಲ್ಲೇ ಇದ್ದೆ ಸಿಂಧು. ತಮ್ಮನಿಗೆ ಒಂದು ಮಾತು ಹೇಳೋ ಸಲಿಗೆ ನನಗಿತ್ತು. ಹೇಳ್ಲಿಲ್ಲ. ಅನಿಲನ್ನ ಇಷ್ಟು ಬೈತೀನಲ್ಲ, ಅವತ್ತು ನಾನೇನು ದೊಡ್ಡ ಸಾಚಾ? ಬಾಯಿಗೆ ಸೆರಗು ಅಡ್ಡ ಹಿಡ್ಕೊಂಡು ನಿಂತಿದ್ದೆ.

ಅವತ್ತು ರಾತ್ರಿ ಅನಿಲ ತಾನೇ ಸ್ಕ್ರಿಪ್ಟ್ ಓಡಿಸಿ, ಪರದೆ ಮೇಲೆ ಒಂದೊಂದು ಸೀರೆಗೆ ಒಂದೊಂದು ಕಿಟಕಿ ತೆರ್ಕೊಳ್ಳುತ್ತಲ್ಲ, ಅದನ್ನೂ ನೋಡದೆ, ಬೀಗ ಜಡಿದು ಹೋದ. ಬೆಳಗ್ಗೆ ನಾನು ಬಂದೆ. ಎಂಟು ಫೈಲೂ ಇತ್ತು. ಎಂಟನೇದು ಮೂರು ಐವತ್ತಕ್ಕೆ ಮುಗಿದಿದೆ ಅಂತ ತೋರಿಸ್ತಿತ್ತು. ಅನಿಲ ಹತ್ತು ಗಂಟೆಗೆ ಬಂದು, "ನೋಡಿದ್ಯಾ ಅಕ್ಕ, ಮನುಷ್ಯ ಯಾಕೆ ಬೇಕು?" ಅಂದ. ಅವನು ಹಾಗನ್ನೋ ಹೊತ್ತಿಗೆ ಬೀರೇಶ್ ಒಳಗೆ ಬಂದ. ಪಿಳ್ಳಪ್ಪಣ್ಣ ಹೋಗಿಬಿಟ್ರು, ರಾತ್ರಿ ಹನ್ನೊಂದಕ್ಕೇ ಜೀವ ಹೋಯ್ತಂತೆ ಅಂದ. ಊಟ ಮಾಡದೆ ಗೋಡೆ ಕಡೆ ತಿರುಗಿ ಮಲಗಿದ್ರಂತೆ, ಎದೆ ನೋವು ಅಂದ್ರಂತೆ, ಅಷ್ಟೇ.

ನನಗೆ ಆಗ ಏನೂ ಹೊಳೀಲಿಲ್ಲ. ಲೋಟ ಮಾತ್ರ ಕಣ್ಣಿಗೆ ಬಿತ್ತು. ಅದು ನೆಟ್ಟಗೇ ಇತ್ತು, ಬೋರಲಾಗಿರಲಿಲ್ಲ. ಟೀ ಖಾಲಿಯಾಗಿತ್ತು.

ಆಮೇಲಿನ ದಿನಗಳಲ್ಲೂ ಹಾಗೇ. ದಿನಾ ಎಂಟು ಫೈಲ್. ದಿನಾ ಲೋಟದ ತಳದಲ್ಲಿ ಒಂದು ಗುಟುಕಿನಷ್ಟು ತೇವ. ನಾನು ತೊಳೆದು ಬೋರಲು ಹಾಕಿ ಹೋದ್ರೆ, ಬೆಳಗ್ಗೆ ನೆಟ್ಟಗೆ. ಇಲಿ ಉರುಳಿಸಿರಬೇಕು ಅಂದ್ಕೊಂಡೆ. ಇಲಿ ಲೋಟ ಎತ್ತಿ ನೆಟ್ಟಗೆ ಇಡುತ್ತಾ ಅಂತ ಯೋಚನೆ ಮಾಡೋಕೆ ಧೈರ್ಯ ಸಾಲಲಿಲ್ಲ. ನಾಲ್ಕನೇ ದಿನ ಅನಿಲ ಚಪ್ಪಲಿ ಬಿಟ್ಟು ಓಡಿದ್ದು.

ಆರನೇ ದಿನ ಪಿಳ್ಳಪ್ಪಣ್ಣನ ಮಗಳು ಅಕ್ಷತ ಬಂದಳು. ತಿಥಿಗೆ ಕಟ್ಟು ಹಾಕಿಸೋಕೆ ಅಪ್ಪನ ಒಂದು ಒಳ್ಳೇ ಫೋಟೋ ಡಿಸೈನ್ ರೂಮಿನ ಡ್ರಾಯರಲ್ಲಿದೆ ಅಂತ. ಆ ಹುಡುಗಿ ಕಂಪ್ಯೂಟರ್ ಡಿಪ್ಲೊಮಾ ಓದ್ತಿದ್ಲು. ಫೋಟೋ ತಗೊಂಡಳು, ಕನ್ನಡಕ ತಗೊಂಡಳು, ಲೋಟ ಮುಟ್ಟಿ ಅಲ್ಲೇ ಬಿಟ್ಟಳು. ಹೊರಡೋವಾಗ, ಅಪ್ಪ ಬರೆದ ಸ್ಕ್ರಿಪ್ಟ್ ಒಂದು ಸಲ ನೋಡ್ಲಾ ಅಂತ ಕೇಳಿದ್ಲು. ತೆಗೆದು ಕೊಟ್ಟೆ. ಓದಿದ್ಲು. ಮತ್ತೆ ಮೇಲಿಂದ ಓದಿದ್ಲು.

"ಶಶಿಯಕ್ಕ... ಈ ಎಂಟನೇ ಸಾಲು ಒಂದು ದಿನಾನೂ ಓಡಿಲ್ಲ."

ನನಗೆ ಅರ್ಥ ಆಗ್ಲಿಲ್ಲ. ಅವಳು ಬಿಡಿಸಿ ಹೇಳಿದ್ಲು. ಕಂಪ್ಯೂಟರ್ ಕೋರ್‌ಗಳನ್ನ ಒಂದರಿಂದ ಎಣಿಸಲ್ಲವಂತೆ, ಸೊನ್ನೆಯಿಂದ ಎಣಿಸುತ್ತಂತೆ. ಎಂಟು ಕೋರ್ ಅಂದ್ರೆ ಸೊನ್ನೆಯಿಂದ ಏಳು. ಎಂಟು ಅನ್ನೋ ನಂಬರೇ ಅದರೊಳಗಿಲ್ಲ. ಅಪ್ಪ ಎಂಟಕ್ಕೆ ಕೊಟ್ಟ ಕೆಲಸ ಶುರುವಾಗೋಕೆ ಮುಂಚೇನೇ, ಅಂಥವರು ಇಲ್ಲಿಲ್ಲ ಅಂತ ಇಂಗ್ಲಿಷಲ್ಲಿ ಒಂದು ಸಾಲು ತೋರಿಸಿ ಮುಚ್ಕೊಳ್ಳುತ್ತೆ. ನನ್ನ ಮುಂದೆಯೇ ಓಡಿಸಿ ತೋರಿಸಿದ್ಲು. ಏಳು ಕಿಟಕಿ ತೆರ್ಕೊಂಡ್ವು. ಎಂಟನೇದು ಕಣ್ಣು ಮಿಟುಕಿಸೋಷ್ಟರಲ್ಲಿ ಬಂದು ಮಾಯ. ಇನ್ನು ಸೊನ್ನೆ ನಂಬರಿನೋನಿಗೆ ಯಾರೂ ಕೆಲಸ ಕೊಟ್ಟೇ ಇಲ್ಲ. ಆರು ವರ್ಷದಿಂದ ರಾತ್ರಿಯೆಲ್ಲಾ ಆ ರೂಮಿನಲ್ಲಿ ಸುಮ್ಮನೆ ಮಲಗಿದ್ದೋನು ಅವನು.

"ಹಾಗಾದ್ರೆ ಎಂಟನೇ ಸೀರೆ?" ಅಂದೆ.

"ಅಪ್ಪ ಕೈಯಲ್ಲಿ ಮಾಡ್ತಿದ್ರು. ಚುಕ್ಕಿ ಚುಕ್ಕಿ ಒತ್ತಿ."

ಪಾಪ, ಏಳು ಓಡ್ತಿದೆ, ಎಂಟನೇದು ಓಡ್ತಿಲ್ಲ ಅಂತ ಅವರಿಗೆ ಮೊದಲನೇ ರಾತ್ರೀನೇ ಗೊತ್ತಾಗಿರಬೇಕು. ಬೆಳಗ್ಗೆ ಅನಿಲನಿಗೆ ಹೇಳಿದ್ರೆ ಏನು ಸಿಗ್ತಿತ್ತು? "ಅಷ್ಟೂ ಬರಲ್ವಾ ನಿನಗೆ?" ಅನ್ನೋ ಮಾತು. ಅದನ್ನ ಕೇಳೋದಕ್ಕಿಂತ ರಾತ್ರಿ ಕಣ್ಣು ಬಿಟ್ಕೊಂಡು ಸಾವಿರಾರು ಚುಕ್ಕಿ ಒತ್ತೋದೇ ವಾಸಿ ಅಂತ ಕೂತ್ರು. ಆರು ವರ್ಷ ಕೂತ್ರು. ಆ ಕೆಲಸದ ಮಧ್ಯೆ ಐದು ನಿಮಿಷ ಕಣ್ಣು ಮುಚ್ಚಿದ್ದನ್ನ ಇವನು ಫೋಟೋ ತೆಗೆದ.

ಅಕ್ಷತ ಎಂಟನೇ ಫೈಲ್ ತೆಗೆದು ದೊಡ್ಡದು ಮಾಡಿ ನೋಡಿದ್ಲು. ಹಿಂದಿನ ರಾತ್ರಿಯದು. ಮಾವಿನಕಾಯಿಯ ತುದಿಯಲ್ಲಿ ಒಂದು ಚುಕ್ಕಿ ಖಾಲಿ ಬಿಟ್ಟಿತ್ತು. ಮಿಷನ್ ಮಾಡಿದ್ದರಲ್ಲಿ ಹಾಗೆ ಬಿಡಲ್ಲ, ತುಂಬಿಬಿಡುತ್ತೆ. ತುದಿಯಲ್ಲಿ ದಾರ ಬಿಗಿಯಾಗಬಾರದು ಅಂತ ಪಿಳ್ಳಪ್ಪಣ್ಣ ಮಾತ್ರ ಬಿಡ್ತಿದ್ರು. ಅವಳು ತಾರೀಖು ನೋಡಿದ್ಲು. ನಾನೂ ನೋಡ್ದೆ. ಅಪ್ಪ ಸತ್ತು ಐದು ದಿನ ಆದ ಮೇಲಿನ ತಾರೀಖು. ಅವಳು ಬೆರಳಿಂದ ಆ ಖಾಲಿ ಚುಕ್ಕಿ ಮುಟ್ಟಿದ್ಲು. ಅಳ್ಲಿಲ್ಲ.

ಅನಿಲ ಬರೋವರೆಗೂ ಕಾದು ಕೂತ್ಕೊಂಡು ಎಲ್ಲಾ ಹೇಳಿದ್ಲು. ಆಮೇಲೆ ಒಂದೇ ಒಂದು ಕೇಳಿದ್ಲು.

"ನಮ್ಮಪ್ಪನ್ನ ಎಂಟು ಜನದ ಮುಂದೆ ನಿದ್ದೆ ಮಾಡೋನು ಅಂದ್ರಿ. ತಿಥಿ ದಿನ ಅದೇ ಎಂಟು ಜನದ ಮುಂದೆ, ಅಲ್ಲ ಅಂತ ಹೇಳಿ. ಬೇರೆ ಏನೂ ಬೇಡ ನಮಗೆ."

ಅವನು "ನೋಡೋಣಮ್ಮ" ಅಂದ. ಅಂದ್ಬಿಟ್ಟು, ಕೇಳು ಸಿಂಧು, ಅದೇ ಉಸಿರಲ್ಲಿ, "ಹಾಗಾದ್ರೆ ಈಗ ಯಾವ ನಂಬರ್ ಹಾಕಬೇಕು?" ಅಂತ ಅವಳನ್ನೇ ಕೇಳಿದ. ತಂದೆ ಸತ್ತ ಸೂತಕದಲ್ಲಿ ನಿಂತಿರೋ ಮಗಳ ಹತ್ರ! ಅವಳು ಅವನ ಮುಖ ನೋಡಿದ್ಲು. ಸೊನ್ನೆಯಿಂದ ಏಳು ಹಾಕಿ ಅಂತ ಮೆತ್ತಗೆ ಹೇಳಿ ಹೋದ್ಲು. ನಾನಾಗಿದ್ರೆ ಆ ಲೋಟ ತಗೊಂಡು ಬಾರಿಸ್ತಿದ್ದೆ.

ಇವನ ಲೆಕ್ಕಾಚಾರ ಏನು ಗೊತ್ತಾ? ಎಂಟನೇದನ್ನ ಮಿಷನ್ನೇ ಮಾಡಿಬಿಟ್ರೆ ರಾತ್ರಿ ಬರೋನಿಗೆ ಕೆಲಸ ಇರಲ್ಲ, ಬರೋದು ನಿಲ್ಲಿಸ್ತಾನೆ, ಯಾರಿಗೂ ಏನೂ ಹೇಳೋ ಅಗತ್ಯ ಇಲ್ಲ. ಅವತ್ತು ರಾತ್ರೀನೇ ಸ್ಕ್ರಿಪ್ಟ್ ತಿದ್ದಿದ. ಸೊನ್ನೆ, ಒಂದು, ಎರಡು... ಏಳು. ಓಡಿಸಿದ. ಎಂಟು ಕಿಟಕಿ ತೆರ್ಕೊಂಡ್ವು. ಮೀಸೆ ತಿರುಗಿಸ್ಕೊಂಡು ಮನೆಗೆ ಹೋದ.

ಬೆಳಗ್ಗೆ ನಾನು ಹೋಗಿ ನೋಡ್ದೆ. ಸ್ಕ್ರಿಪ್ಟಿನಲ್ಲಿ ಮತ್ತೆ ಒಂದರಿಂದ ಎಂಟು. ಎಂಟನೇ ಸೀರೆಯ ತುದಿಯಲ್ಲಿ ಒಂದು ಚುಕ್ಕಿ ಖಾಲಿ. ಲೋಟ ನೆಟ್ಟಗೆ.

ಅನಿಲ ಪಾಸ್‌ವರ್ಡ್ ಬದಲಾಯಿಸಿದ. ಮಾರನೇ ದಿನ ಅದೇ. ಬಾಗಿಲಿಗೆ ಹೊಸ ಬೀಗ ತಂದು ಹಾಕಿದ, ಅದಕ್ಕೆ ಇದ್ದ ಒಂದೇ ಬೀಗದ ಕೈ ನನಗೆ ಕೊಟ್ಟ. ಅದೇ. ಮಾಕಳಿದುರ್ಗದ ಕಡೆಯಿಂದ ಯಾರನ್ನೋ ಕರೆಸಿ ತಾಯತ ಕಟ್ಟಿಸಿದ, ಕಂಪ್ಯೂಟರಿಗೆ! ಅದರ ಹಿಂದಿನ ವೈರಿಗೆ ಕರಿ ದಾರ ಸುತ್ತಿಸಿದ. ಒಂದು ಮಾತು ಹೇಳಿಬಿಡೋ ಅಂದೆ. "ನೇಯೋರ ಮುಂದೆ ನಾನು ತಲೆ ತಗ್ಗಿಸಿದ್ರೆ ನಾಳೆ ಯಾರು ನನ್ನ ಮಾತು ಕೇಳ್ತಾರೆ ಅಕ್ಕ?" ಅಂದ. ದೆವ್ವಕ್ಕಿಂತ ಬೀರೇಶನ ಕಣ್ಣಿಗೇ ಹೆಚ್ಚು ಹೆದರ್ತಿದ್ದ ನೋಡು.

ಒಂಬತ್ತನೇ ರಾತ್ರಿ, ನಾನೇ ಕೂತು ನೋಡಿಬಿಡ್ತೀನಿ ಅಂದ. ಒಬ್ಬನೇ ಕೂರೋ ಗಂಡಸಾ ಅವನು? ನನ್ನನ್ನ ಕರ್ಕೊಂಡು ಹೋದ. ಸೊನ್ನೆಯಿಂದ ಏಳು ತಿದ್ದಿ, ಓಡಿಸಿ, ಎಂಟು ಕಿಟಕಿ ಎಣಿಸಿ, ದೀಪ ಆರಿಸಿ, ಗೋಡೆ ಪಕ್ಕದ ಬೆಂಚಲ್ಲಿ ಕೂತ್ವಿ. ಕುರ್ಚಿ ಖಾಲಿ ಇತ್ತು. ಹತ್ತು ಗಂಟೆಗೆ ಮಗ್ಗ ನಿಂತ್ವು. ಹನ್ನೊಂದಾಯ್ತು. ಡಬ್ಬದೊಳಗಿನ ಫ್ಯಾನು ಗುಂಯ್ ಅಂತ ಒಂದೇ ಸಮ ತಿರುಗ್ತಿತ್ತು.

ಆಮೇಲೆ ಫ್ಯಾನಿನ ಸದ್ದು ಸ್ವಲ್ಪ ಇಳೀತು.

ಎಂಟನೇ ಕಿಟಕಿ ತನ್ನಷ್ಟಕ್ಕೆ ತಾನೇ ಮುಚ್ಕೊಂಡಿತ್ತು.

ಕಿರ್... ಅಂತ ಕುರ್ಚಿ ಅಲುಗಿತು. ಭಾರ ಬಿದ್ದಾಗ ಅದರ ಸ್ಪ್ರಿಂಗ್ ಕೂಗುತ್ತೆ, ಆರು ವರ್ಷದಿಂದ ನನಗೆ ಗೊತ್ತಿರೋ ಸದ್ದು. ಕೀಲಿಮಣೆ ಮೇಲೆ ಟಕ್... ಟಕ್... ಒಂದೇ ಬೆರಳಿನ ಸದ್ದು, ಹುಡುಕಿ ಹುಡುಕಿ. ಸ್ಕ್ರಿಪ್ಟಿನಲ್ಲಿ ಸೊನ್ನೆ ಹೋಗಿ ಒಂದಾಯ್ತು. ಒಂದು ಹೋಗಿ ಎರಡಾಯ್ತು. ಕೊನೇ ಸಾಲಲ್ಲಿ ಏಳು ಹೋಗಿ ಎಂಟಾಯ್ತು. ಆಮೇಲೆ ಪರದೆ ಮೇಲೆ ಅರ್ಧ ಆಗಿದ್ದ ಮಾವಿನಕಾಯಿ ಬಂತು. ಟಿಕ್. ಒಂದು ಚುಕ್ಕಿ. ಟಿಕ್. ಇನ್ನೊಂದು. ನಡುವೆ ಸಣ್ಣದಾಗಿ ಉಸಿರು ಬಿಟ್ಟ ಹಾಗೆ... ವಯಸ್ಸಾದೋರು ಸುಸ್ತಾಗಿ ಬಿಡೋ ಉಸಿರು. ಸುಟ್ಟ ಬೀಡಿ ವಾಸನೆ, ಗಂಜಿ ಹಾಕಿದ ದಾರದ ವಾಸನೆ. ನನಗೆ ಹೆದರಿಕೆ ಆಗ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಆದರೆ ಹೆದರಿಕೆಗಿಂತ ಮುಂಚೆ ನಾಚಿಕೆ ಆಯ್ತು.

ಅನಿಲ ನನ್ನ ಕೈ ಹಿಡ್ಕೊಂಡಿದ್ದ. ಪಿಸುಗುಟ್ಟಿದ.

"ಪಿಳ್ಳಪ್ಪಣ್ಣ... ನೀವು ನಿದ್ದೆ ಮಾಡ್ತಿರಲಿಲ್ಲ. ತಪ್ಪಾಯ್ತು. ಸಾಕು, ಹೋಗಿ..."

ಟಿಕ್ ಅನ್ನೋದು ನಿಂತಿತು.

ಕುರ್ಚಿ ನಿಧಾನಕ್ಕೆ ನಮ್ಮ ಕಡೆ ತಿರುಗಿತು. ಕಿರ್ರ್... ಒಂದು ನಿಮಿಷ ಹಾಗೇ ಇತ್ತು. ಆಮೇಲೆ ಪರದೆ ಕಡೆ ತಿರುಗ್ಕೊಂಡಿತು. ಟಿಕ್.

ನಾನು ಅವನ ಕಿವಿಯಲ್ಲಿ ಹೇಳಿದೆ.

"ಅವರಿಗ್ಯಾಕೋ ಹೇಳ್ತೀಯ, ಅವರಿಗೆ ಗೊತ್ತಿಲ್ವಾ? ಬೈದಿದ್ದು ಯಾರ ಮುಂದೆ?"

ಬೆಳಗಿನ ಜಾವ ಮೂರು ಐವತ್ತರವರೆಗೂ ಇಬ್ಬರೂ ಆ ಬೆಂಚಲ್ಲೇ ಕೂತಿದ್ವಿ. ಎದ್ದು ಹೋಗೋಕೆ ಆ ಕುರ್ಚಿ ಪಕ್ಕದಲ್ಲೇ ಹಾದು ಹೋಗಬೇಕಿತ್ತು. ಒಬ್ಬ ಮನುಷ್ಯ ರಾತ್ರಿಯೆಲ್ಲಾ ಕೂತು ಒಂದು ಸೆರಗು ಮಾಡೋದು ಅಂದ್ರೆ ಏನು ಅಂತ ಅನಿಲ ಆರು ವರ್ಷದಲ್ಲಿ ಮೊದಲನೇ ಸಲ ನೋಡಿದ. ಅದೂ ತಾನಾಗಿ ನೋಡಿದ್ದಲ್ಲ, ಎದ್ದು ಓಡೋಕಾಗದೆ ನೋಡಿದ್ದು.

ಹನ್ನೊಂದನೇ ದಿನ ತಿಥಿ. ಪಿಳ್ಳಪ್ಪಣ್ಣನ ಮನೆ ಮುಂದೆ ಶಾಮಿಯಾನ. ಎಂಟು ಜನ ನೇಯೋರೂ ಬಂದಿದ್ರು. ಅನಿಲ ಬಂದ, ಅವತ್ತು ಕಪ್ಪು ಕನ್ನಡಕ ಇರಲಿಲ್ಲ. ಎಲೆ ಹಾಕೋ ಹೊತ್ತಿಗೆ ಎದ್ದು ನಿಂತ. ಮೊದಲು ಯಾರಿಗೂ ಕೇಳಿಸ್ದೆ ಏನೋ ಗೊಣಗಿದ. ನಾನು ಹಿಂದುಗಡೆಯಿಂದ, ಗಟ್ಟಿಯಾಗಿ ಹೇಳೋ ಅಂದೆ. ಬಡಿಸೋರು ಬಕೆಟ್ ಕೆಳಗಿಟ್ಟು ನಿಂತ್ರು.

"ಪಿಳ್ಳಪ್ಪಣ್ಣ ನಿದ್ದೆ ಮಾಡ್ತಿರಲಿಲ್ಲ. ಎಂಟನೇ ಮಗ್ಗದ್ದು ಆರು ವರ್ಷ ಅವರ ಕೈ ಕೆಲಸ. ಮಿಷನ್ ಮಾಡಿದ್ದಲ್ಲ. ನಾನು ಒಂದು ದಿನಾನೂ ನೋಡಿರಲಿಲ್ಲ."

ಬೀರೇಶ್ ಟವೆಲಿಂದ ಮುಖ ಒರೆಸ್ಕೊಂಡ. ಅಕ್ಷತ ಫೋಟೋ ಮುಂದಿನ ದೀಪಕ್ಕೆ ಎಣ್ಣೆ ಹಾಕ್ತಿದ್ಲು, ಹಾಗೇ ಹಾಕ್ತಾ ಇದ್ಲು, ಎಣ್ಣೆ ತುಂಬಿ ಹೊರಗೆ ಹರೀತು. ಪಿಳ್ಳಪ್ಪಣ್ಣನ ಹೆಂಡತಿ ನರಸಮ್ಮ ಗೋಡೆಗೆ ಒರಗಿ ಕೂತಿದ್ರು. ಅವರು ತಲೆ ಎತ್ತಿದ್ರು.

"ಆರು ವರ್ಷ ಬೆಳಗಿನ ಜಾವ ಅವರ ಬೆರಳು ನೀವಿ ಕೊಟ್ಟಿದ್ದೀನಪ್ಪ. ನನಗೆ ನೀನು ಹೇಳೋದೇನೂ ಇರಲಿಲ್ಲ. ಅವರಿಗೆ ಕೇಳಿಸ್ತಲ್ಲ... ಕೂತ್ಕೋ, ಊಟ ಮಾಡು."

ಅನಿಲ ಊಟ ಮಾಡಿದ. ಎರಡನೇ ಸಲ ಪಾಯಸಾನೂ ಹಾಕಿಸ್ಕೊಂಡ. ಅವನ ಬುದ್ಧಿ ಅಷ್ಟೇ, ಬಿಡು.

ಅವತ್ತು ರಾತ್ರಿ ಸ್ಕ್ರಿಪ್ಟ್ ನಾನೇ ತಿದ್ದಿದೆ, ಸೊನ್ನೆಯಿಂದ ಏಳು. ಓಡಿಸಿದೆ. ಲೋಟ ಮುಟ್ಟಲಿಲ್ಲ, ನೆಟ್ಟಗೆ ಇದ್ದದ್ದು ಹಾಗೇ ಇತ್ತು. ಹೊಸ ಬೀಗ ಹಾಕಿ ಅದರ ಕೈ ಸೆರಗಿನ ತುದಿಗೆ ಗಂಟು ಹಾಕ್ಕೊಂಡು ಮಲಗಿದೆ. ಬೆಳಗ್ಗೆ ಆರಕ್ಕೆ ಗಂಟು ನಾನೇ ಬಿಚ್ಚಿದ್ದು.

ಸ್ಕ್ರಿಪ್ಟಿನಲ್ಲಿ ಸೊನ್ನೆಯಿಂದ ಏಳು ಹಾಗೇ ಇತ್ತು. ಎಂಟು ಫೈಲೂ ಆಗಿತ್ತು. ಎಂಟನೇ ಸೀರೆಯ ಮಾವಿನಕಾಯಿ ಮೆಟ್ಟಿಲು ಮೆಟ್ಟಿಲಾಗಿ ಬಂದಿತ್ತು, ತುದಿಯ ಚುಕ್ಕಿ ತುಂಬಿತ್ತು. ಅವತ್ತಿಂದ ಎಂಟನೇ ಮಗ್ಗದ ಸೀರೆಯನ್ನ ಯಾರೂ ಹೆಸರು ಹಿಡಿದು ಕೇಳಲ್ಲ.

ನೀನು ನಂಬಿದ್ರೆ ನಂಬು, ಬಿಟ್ರೆ ಬಿಡು ಸಿಂಧು. ನರಸಮ್ಮ ಇದ್ದಾರೆ, ಅಕ್ಷತ ಇದ್ದಾಳೆ, ಹೋಗಿ ಕೇಳು. ನಾನು ಕಂಡಿದ್ದು ಹೇಳ್ತೀನಿ, ಅದಕ್ಕೊಂದು ಅಕ್ಷರ ಸೇರಿಸಿಲ್ಲ. ಆ ರೂಮಿನಲ್ಲಿ ನಲ್ಲಿ ಇಲ್ಲ, ನೀರಿನ ಬಾಟಲಿನೂ ಇರಲಿಲ್ಲ. ಆದರೂ ಅವತ್ತು ಬೆಳಗ್ಗೆ ಲೋಟ ತೊಳೆದು ಬೋರಲು ಹಾಕಿತ್ತು. ಎತ್ತಿ ನೋಡಿದೆ. ಟೇಬಲ್ ಮೇಲೆ ದುಂಡಗೆ ನೀರಿನ ಗುರುತು... ಇನ್ನೂ ಒಣಗಿರಲಿಲ್ಲ.